ತ್ರಿಕೋನ ಟೀಚರ್ ಮನೆಯ ಒಲೆ

ಮೇಷ್ಟ್ರುಗಳಿಗೆ, ಟೀಚರುಗಳಿಗೆ ಅಡ್ಡಹೆಸರು ಇಡುವುದರಲ್ಲಿ ಮಕ್ಕಳು ಜಿಪುಣತನ ಮಾಡುವುದಿಲ್ಲ. ಆ ಶಾಲೆಯಲ್ಲಿ ಗಣಿತದ ಮೇಷ್ಟ್ರು ಏಣಿ, ಹೆಡ್ಮಿಸ್ ಗುಡುಗು, ಗೃಹವಿಜ್ಞಾನದ ಟೀಚರ್ ತ್ರಿಕೋನ. ಈ ಟೀಚರ್ ಗುಂಡಗೆ ಇದ್ದರು, ಮೈಯಲ್ಲಿ ಎಲ್ಲೂ ಒಂದು ಮೂಲೆ ಕಾಣುತ್ತಿರಲಿಲ್ಲ. ಹೆಸರು ಬಂದದ್ದು ಪಾಠದಿಂದ.

ಪಾಠ ಅಡುಗೆಮನೆಯ ವಿನ್ಯಾಸದ್ದು. ಒಲೆ, ನಲ್ಲಿ, ಸಾಮಾನಿನ ಕಪಾಟು, ಈ ಮೂರಕ್ಕೂ ಗೆರೆ ಎಳೆದರೆ ಒಂದು ತ್ರಿಕೋನ. ಅದರ ಸುತ್ತಳತೆ ಹತ್ತು ಹೆಜ್ಜೆ ಮೀರಿದರೆ ಅದು ಅಡುಗೆಮನೆಯಲ್ಲ, ಕವಾಯತಿನ ಮೈದಾನ. ಹೀಗೆಂದು ಹತ್ತೊಂಬತ್ತು ವರ್ಷದಿಂದ ಏಳನೇ ತರಗತಿಗೆ ಹೇಳಿಕೊಂಡು ಬಂದಿದ್ದರು. ಒಂದೇ ಗೋಡೆಯದು, ಎದುರುಬದುರು ಗೋಡೆಯದು, ಎಲ್ ಆಕಾರದ್ದು, ಯು ಆಕಾರದ್ದು, ನಡುವೆ ಮೇಜು ಇರುವುದು ಎಂದು ಐದು ಬಗೆ. ಬೋರ್ಡಿನ ಮೇಲೆ ಬರೆದು ಕೈತೊಳೆದುಕೊಳ್ಳುವವರಲ್ಲ ಅವರು. ಬೆಂಚುಗಳನ್ನು ಎಳೆಸಿ, ಒಲೆಗೆ ಸ್ಲೇಟು, ನಲ್ಲಿಗೆ ಪ್ಲಾಸ್ಟಿಕ್ ಬೋಗುಣಿ, ಕಪಾಟಿಗೆ ಹಾಜರಿ ಪುಸ್ತಕದ ಬೀರು ಎಂದು ಗೊತ್ತುಮಾಡಿ, ಖಾಲಿ ಪಾತ್ರೆ ಹಿಡಿಸಿ ಮಕ್ಕಳನ್ನು ನಡೆಸುತ್ತಿದ್ದರು. ಉಳಿದವರು ಹೆಜ್ಜೆ ಎಣಿಸಬೇಕು. ನಿಜವಾದ ಒಲೆ ಮಾತ್ರ ಇರಲಿಲ್ಲ. ಕೊಟ್ಟರೆ ಶಾಲೆಗೆ ಬೆಂಕಿ ಬೀಳುತ್ತದೆಂದು ಗುಡುಗಿನ ನಂಬಿಕೆ.

ಇನ್ನೊಂದು ಮಾತನ್ನೂ ಅವರು ತಪ್ಪದೆ ಹೇಳುತ್ತಿದ್ದರು. "ಮನೆಯವರನ್ನ ಕೇಳಿದ್ರೆ ಎಲ್ಲಾ ಚೆನ್ನಾಗಿದೆ ಅಂತಾರೆ. ನೀವು ನೆಲ ನೋಡಿ. ಎಲ್ಲಿ ಸವೆದಿದೆಯೋ ಅಲ್ಲಿ ನಡೆದಿದ್ದಾರೆ. ಜನ ಸುಳ್ಳು ಹೇಳಬಹುದು, ನೆಲ ಹೇಳಲ್ಲ."

ಈಗ ಗುಟ್ಟು ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ನನಗೇನಾಗಬೇಕು. ತ್ರಿಕೋನ ಟೀಚರಿಗೆ ಅಡುಗೆ ಬರುತ್ತಿರಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ನಗಬೇಡಿ, ಅದರಲ್ಲಿ ಅವರ ತಪ್ಪು ಅರ್ಧ ಮಾತ್ರ. ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಅವರು ಅಡುಗೆಮನೆ ಬಾಗಿಲಲ್ಲಿ ನಿಂತಾಗ ಅತ್ತೆ ತಿರುಗಿ ನೋಡಿ, "ಸ್ಕೂಲಿಗೆ ಹೊತ್ತಾಗುತ್ತೆ, ನೀನು ಹೋಗು" ಎಂದಿದ್ದರು. ಮರುದಿನವೂ ಅದೇ ಮಾತು. ಮೂರನೇ ದಿನ ಟೀಚರ್ ಬಾಗಿಲಿಗೂ ಹೋಗಲಿಲ್ಲ. ಹಾಗೇ ಹತ್ತೊಂಬತ್ತು ವರ್ಷ ಕಳೆಯಿತು. ಒಮ್ಮೆ ಅತ್ತೆ ಐದು ದಿನ ಆಸ್ಪತ್ರೆಯಲ್ಲಿದ್ದಾಗ ಕೂಡ ಅಡುಗೆ ಮಾಡಿದ್ದು ಟೀಚರ ಗಂಡ, ಗಡಿಯಾರ ರಿಪೇರಿಯವರು. ಅತ್ತೆ ಮಂಚದ ಮೇಲಿಂದಲೇ ಫೋನಿನಲ್ಲಿ ಉಪ್ಪು ಹಾಕಿಸಿದ್ದರು.

ಆ ಅಡುಗೆಮನೆಯಾದರೂ ಟೀಚರ ಐದು ಬಗೆಯಲ್ಲಿ ಯಾವ ಬಗೆಗೂ ಸೇರದ್ದು. ಒಲೆ ಬೀದಿ ಕಡೆಯ ಗೋಡೆಗೆ, ಅಲ್ಲಿ ಬೆಳಕು ಬರುತ್ತದೆಂದು. ನಲ್ಲಿ ಓಣಿಯಂಥ ಜಾಗ ದಾಟಿ ಹಿತ್ತಿಲ ಬಾಗಿಲ ಹತ್ತಿರ, ಪೈಪು ಅಲ್ಲಿಗೇ ಮುಗಿದಿತ್ತು. ಸಾಮಾನಿನ ಕಪಾಟು ನಡುಮನೆಯಲ್ಲಿ, ಯಾವುದೋ ಕಾಲದಲ್ಲಿ ಅಡುಗೆಮನೆಗೆ ಒಂದು ಇಲಿ ಬಂದಿತ್ತೆಂದು. ಆ ಇಲಿಯ ಮರಿಮೊಮ್ಮಕ್ಕಳೂ ಸತ್ತು ಎಷ್ಟೋ ವರ್ಷವಾಗಿತ್ತು. ಕಪಾಟು ಮಾತ್ರ ಅಲ್ಲೇ ಇತ್ತು. ಊಟಕ್ಕೆ ಕುಳಿತಾಗಲೆಲ್ಲ ಟೀಚರ ಕಿವಿ ಅತ್ತೆಯ ಹೆಜ್ಜೆಯ ಸದ್ದು ಎಣಿಸುತ್ತಿತ್ತು.

ಆ ವರ್ಷದ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಎಲ್ಲದಕ್ಕೂ ಪ್ರಶ್ನೆ ಕೇಳುತ್ತಾಳೆಂದು ಅವಳಿಗೆ ಪ್ರಶ್ನೆಪತ್ರಿಕೆ ಎಂದೇ ಹೆಸರು. ಪಾಠ ಶುರುವಾದ ಮೊದಲ ವಾರವೇ ಅವಳು ಕೈ ಎತ್ತಿದಳು.

"ಟೀಚರ್, ನಿಮ್ಮನೇಲಿ ಯಾವ ಬಗೆ?"

"ಯು," ಎಂದುಬಿಟ್ಟರು ಟೀಚರ್.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದ ಮಾತು ಸುಮ್ಮನೆ ಹೋಗಲಿಲ್ಲ, ಬೆಳೆಯುತ್ತಾ ಹೋಯಿತು. ಮುಂದಿನ ವಾರ ಆ ಯು ಅಡುಗೆಮನೆಗೆ ಹಸಿರು ಟೈಲ್ಸ್ ಬಂತು. ಅದರ ಮುಂದಿನ ವಾರ ನಲ್ಲಿಯ ಮೇಲೆ ಕಿಟಕಿ ತೆರೆಯಿತು. ತಿಂಗಳು ತುಂಬುವಷ್ಟರಲ್ಲಿ, ಎರಡೂ ಕೈಯಲ್ಲಿ ಪಾತ್ರೆ ಇದ್ದಾಗ ಸೊಂಟದಿಂದ ತಳ್ಳಿದರೆ ಮುಚ್ಚಿಕೊಳ್ಳುವ ಡ್ರಾಯರುಗಳಾದವು. ಸೊಂಟದಿಂದ ತಳ್ಳುವುದು ಹೇಗೆಂದು ಟೀಚರ್ ತರಗತಿಯಲ್ಲಿ ಮಾಡಿ ತೋರಿಸಿದರು. ಮಕ್ಕಳಿಗೆ ಅದಕ್ಕಿಂತ ಇಷ್ಟವಾದದ್ದು ಬೇರಿಲ್ಲ. ಟೀಚರಿಗೂ ಅಷ್ಟೇ. ತಾನು ಸುಳ್ಳು ಹೇಳುತ್ತಿದ್ದೇನೆಂದು ಅವರು ಮರೆತೇಬಿಟ್ಟಿದ್ದರು.

ಒಂದು ಸೋಮವಾರ ಗುಡುಗು ಸ್ಟಾಫ್ ರೂಮಿಗೆ ಬಂದರು. "ಮಕ್ಕಳು ನಿಮ್ಮ ಅಡುಗೆಮನೆ ನೋಡಬೇಕು ಅಂತ ಅರ್ಜಿ ಬರೆದುಕೊಟ್ಟಿದ್ದಾರೆ. ಇಪ್ಪತ್ನಾಲ್ಕೂ ಜನ ಸಹಿ ಹಾಕಿದ್ದಾರೆ. ಒಳ್ಳೇದೇ ಆಯ್ತು, ನಿಮ್ಮನೆ ಎರಡು ಬೀದಿ ಆಚೆ, ಬಸ್ಸಿನ ತಾಪತ್ರಯ ಇಲ್ಲ. ಶುಕ್ರವಾರ ಕರ್ಕೊಂಡು ಹೋಗಿ."

ಹತ್ತೊಂಬತ್ತು ವರ್ಷದಲ್ಲಿ ಟೀಚರ್ ಸಂಪಾದಿಸಿದ್ದು ಒಂದೇ: ತ್ರಿಕೋನ ಹೇಳಿದ್ದು ಸರಿಯಾಗೇ ಇರುತ್ತದೆ ಎಂದು ಮಕ್ಕಳು ನಂಬುತ್ತಿದ್ದರು. ಅದು ಹೋದರೆ ಉಳಿಯುವುದು ಒಂದು ಸ್ಲೇಟು, ಒಂದು ಬೋಗುಣಿ.

ಮಂಗಳವಾರ ರಾತ್ರಿ ಊಟದ ಹೊತ್ತಿಗೆ ಬಾಯಿಬಿಟ್ಟರು. "ಅತ್ತೆ, ಒಲೇನ ಸ್ವಲ್ಪ ನಲ್ಲಿ ಕಡೆಗೆ ತಂದ್ರೆ ನಿಮ್ಮ ಮಂಡಿಗೆ ಒಳ್ಳೇದಲ್ವಾ?"

"ಮಂಡಿ ನನ್ನದು," ಎಂದರು ಅತ್ತೆ. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ನನಗೆ ಕುಣಿಯೋಕೆ ಬರುತ್ತೆ."

ಬುಧವಾರ ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಟೀಚರ್ ಅರ್ಧ ದಿನ ರಜೆ ಹಾಕಿ ಗಂಡನನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಬಂದರು. ಗಡಿಯಾರದವರು ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗುಗಳ ಜೊತೆ ಬಾಳಿದವರು, ಭಾರ ಎತ್ತುವ ಜೀವವಲ್ಲ. ಅವರಿಗೆ ತಾಯಿಯೂ ಬೇಕು, ಹೆಂಡತಿಯೂ ಬೇಕು, ಅದಕ್ಕೇ ಮಾತು ಕಡಿಮೆ. ಇಬ್ಬರೂ ಸೇರಿ ಒಲೆಯ ಮೇಜನ್ನು ಉಸ್ಸಪ್ಪಾ ಎಂದು ಎಳೆದರು. ಗ್ಯಾಸಿನ ಪೈಪು ಬಿಗಿಯುವಷ್ಟರಲ್ಲಿ ಮೇಜು ಒಂದು ಗೇಣು ಎಡಕ್ಕೆ ಬಂದಿತ್ತು. ಮುಂದಕ್ಕೆ ಅಲುಗಲಿಲ್ಲ.

ಸಂಜೆ ಅತ್ತೆ ಬಂದರು. ಕಣ್ಣಿಗೆ ಔಷಧಿ ಹಾಕಿಸಿಕೊಂಡಿದ್ದರಿಂದ ಎದುರಿಗಿದ್ದ ಮಗನೂ ಅವರಿಗೆ ಮಂಜುಮಂಜಾಗಿ ಕಾಣುತ್ತಿದ್ದ. ಅಡುಗೆಮನೆ ಹೊಸ್ತಿಲಲ್ಲಿ ನಿಂತವರೇ, "ಒಲೆ ಎಡಕ್ಕೆ ಬಂದಿದೆ," ಎಂದರು. ಮಗ ಮೇಜನ್ನು ಮತ್ತೆ ಬಲಕ್ಕೆ ತಳ್ಳಿದರು.

ಗುರುವಾರ ಟೀಚರ್ ಜ್ವರ ಬರಲಿ ಎಂದು ತಣ್ಣೀರಿನಲ್ಲಿ ಸ್ನಾನ ಮಾಡಿದರು. ಬರಲಿಲ್ಲ, ಬದಲಿಗೆ ಹಸಿವು ಹೆಚ್ಚಾಯಿತು. ಕೊನೆಗೆ, ನಾಳೆ ಮಕ್ಕಳು ಅಡುಗೆಮನೆ ನೋಡೋಕೆ ಬರ್ತಾರೆ ಎಂದಷ್ಟೇ ಅತ್ತೆಗೆ ಹೇಳಿದರು. ಅತ್ತೆ ತಕ್ಷಣ ಮಗನನ್ನು ಕಳಿಸಿ ನಾಲ್ಕು ಲೀಟರ್ ಹಾಲಿಗೂ ಬಿಸ್ಕತ್ತಿಗೂ ಹೇಳಿಸಿದರು. ಅವರಿಗೆ ಬಂದ ಖುಷಿ ನೋಡಿ ಟೀಚರಿಗೆ ಇನ್ನಷ್ಟು ಸಂಕಟವಾಯಿತು.

ಶುಕ್ರವಾರ ಬಾಗಿಲ ಮುಂದೆ ನಲವತ್ತೆಂಟು ಬೂಟುಗಳು ಗುಡ್ಡೆಬಿದ್ದವು. ಪ್ರಶ್ನೆಪತ್ರಿಕೆ, ಟೈಲರಾಗಿದ್ದ ಅಪ್ಪನ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಬಂದಳು. ಅಡುಗೆಮನೆಯಲ್ಲಿ ಆರು ಜನ ನಿಂತರು, ಉಳಿದವರು ಓಣಿಯಲ್ಲೂ ನಡುಮನೆಯಲ್ಲೂ ಕತ್ತು ಚಾಚಿದರು.

"ಅಜ್ಜಿ, ಇದನ್ನ ಬಿಟ್ಟು ಇನ್ನೊಂದು ಅಡುಗೆಮನೆ ಇದೆಯಾ?" ಎಂದು ಪ್ರಶ್ನೆಪತ್ರಿಕೆ ತುಂಬಾ ಮರ್ಯಾದೆಯಿಂದ ಕೇಳಿದಳು.

"ಇನ್ನೊಂದು ಯಾಕೆ?"

"ಹಸಿರು ಟೈಲ್ಸ್‌ದು. ಯು ಆಕಾರದ್ದು. ಟೀಚರ್ ಹೇಳಿದ್ರಲ್ಲ."

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ನೆಲ ನೋಡುತ್ತಿದ್ದರು, ಕಿವಿಯವರೆಗೆ ಕೆಂಪಾಗಿದ್ದರು. ಕಣ್ಣು ಮಂದವಾಗಿದ್ದರೂ ಅತ್ತೆಗೆ ಅಷ್ಟು ಕಾಣಿಸಿತು.

"ಓ ಅದಾ," ಎಂದರು ಅತ್ತೆ, ಕಣ್ಣು ಕೂಡ ಮಿಟುಕಿಸದೆ. "ಇತ್ತು. ಹೋದ ವಾರ ಕೀಳಿಸಿ ಹಾಕಿದೆ. ನಿಮ್ಮ ಟೀಚರ್ ಬೇಡ ಬೇಡ ಅಂದ್ಲು, ನಾನೇ ಕೇಳಲಿಲ್ಲ. ಯು ನನಗೆ ಒಗ್ಗಲಿಲ್ಲ."

ಟೀಚರ್ ತಲೆ ಎತ್ತಿದರು. ಒಂದು ಗೇಣು ಒಲೆ ಸರಿಸಿದ್ದಕ್ಕೆ ಒಪ್ಪದ ಹೆಂಗಸು ಅವರಿಗಾಗಿ ಇಡೀ ಅಡುಗೆಮನೆಯನ್ನೇ ಕಟ್ಟಿ ಕೆಡವಿದ್ದರು. ಅವರಿಗೆ ಅಳು ಬಂತು, ಜೀವವೂ ಬಂತು. ಬದುಕಿದೆ ಎಂದುಕೊಂಡರು.

ಪ್ರಶ್ನೆಪತ್ರಿಕೆ ಅಷ್ಟರಲ್ಲಿ ಮಂಡಿಯೂರಿ ಕುಳಿತಿದ್ದಳು. ಒಲೆಯಿಂದ ನಲ್ಲಿಯವರೆಗೆ ಸಿಮೆಂಟ್ ನೆಲದಲ್ಲಿ ಒಂದು ದಾರಿ ನುಣ್ಣಗೆ ಹೊಳೆಯುತ್ತಿತ್ತು, ನಡುವೆ ಬೆರಳು ಇಟ್ಟರೆ ತಗ್ಗು ಸಿಗುವಷ್ಟು. ಅವಳು ಬೆರಳು ಇಟ್ಟು ನೋಡಿದಳು.

"ಅಜ್ಜಿ, ಇದು ಒಂದು ವಾರದ್ದಲ್ಲ," ಎಂದಳು. ಆಮೇಲೆ ಟೀಚರ ಕಡೆ ತಿರುಗಿ, ಸರಿ ಉತ್ತರ ಹೇಳಿದವಳ ಹೆಮ್ಮೆಯಲ್ಲಿ, "ನೆಲ ಸುಳ್ಳು ಹೇಳಲ್ಲ ಅಲ್ವಾ ಟೀಚರ್?"

ಅತ್ತೆ ಮತ್ತೇನೋ ಹೇಳಲು ಬಾಯಿ ತೆರೆದರು. ಟೀಚರ್ ಅವರ ಕೈ ಹಿಡಿದು ತಡೆದರು. ತಾನು ಕಲಿಸಿದ್ದನ್ನೇ ಆ ಮಗು ಕಲಿತು ನಿಂತಿರುವಾಗ, ಅದು ತಪ್ಪು ಎನ್ನುವುದು ಅವರಿಂದಾಗಲಿಲ್ಲ.

"ಹೇಳಲ್ಲ," ಎಂದರು. "ಅಜ್ಜಿ ನನ್ನ ಮಾನ ಉಳಿಸೋಕೆ ಹಾಗಂದ್ರು. ಸುಳ್ಳು ಹೇಳಿದ್ದು ನಾನು. ಈ ಮನೇಲಿ ಯು ಯಾವತ್ತೂ ಇರಲಿಲ್ಲ. ಇರಲಿ ಅಂತ ನನಗೆ ಆಸೆ ಇತ್ತು."

ಓಣಿಯಿಂದ ಯಾರೋ ಸಣ್ಣ ದನಿಯಲ್ಲಿ ಕೇಳಿದರು. "ಹಾಗಾದ್ರೆ ಸೊಂಟದಿಂದ ಮುಚ್ಚೋ ಡ್ರಾಯರು?"

"ಅದೂ ಇಲ್ಲ."

ಟೈಲ್ಸು ಹೋದದ್ದನ್ನು, ಕಿಟಕಿ ಹೋದದ್ದನ್ನು ಮಕ್ಕಳು ಹೇಗೋ ತಡೆದುಕೊಂಡಿದ್ದರು. ಡ್ರಾಯರಿಗೆ ಮಾತ್ರ ಇಡೀ ತರಗತಿ ನಿಟ್ಟುಸಿರು ಬಿಟ್ಟಿತು. ಪ್ರಶ್ನೆಪತ್ರಿಕೆ ಟೀಚರನ್ನು ಒಂದು ಗಳಿಗೆ ದಿಟ್ಟಿಸಿದಳು. "ಪರವಾಗಿಲ್ಲ ಟೀಚರ್, ಅಳತೆ ತಗೋತೀವಿ," ಎಂದಳು. ಟೀಚರಿಗೆ ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು.

ಒಬ್ಬ ನಡೆದ, ಉಳಿದವರು ಎಣಿಸಿದರು. ಒಲೆಯಿಂದ ನಲ್ಲಿ, ನಲ್ಲಿಯಿಂದ ಕಪಾಟು, ಕಪಾಟಿನಿಂದ ಒಲೆ. ಮೂವತ್ತನಾಲ್ಕು ಹೆಜ್ಜೆ. ದಿನಕ್ಕೆ ಎಷ್ಟು ಸುತ್ತು ಎಂದು ಅಜ್ಜಿಯನ್ನು ಕೇಳಿ, ಎಷ್ಟು ವರ್ಷ ಎಂದೂ ಕೇಳಿ, ಮೂರು ಜನ ನಡುಮನೆಯಲ್ಲಿ ಕುಳಿತು ಗುಣಿಸಿದರು. ಒಬ್ಬನಿಗೆ ಹನ್ನೆರಡು ಕಿಲೋಮೀಟರ್ ಬಂತು, ಅವನನ್ನು ಹೊರಗೆ ಕಳಿಸಿದರು. ಉಳಿದಿಬ್ಬರ ಲೆಕ್ಕದಲ್ಲಿ ನಲವತ್ತು ವರ್ಷಕ್ಕೆ ಏಳು ಸಾವಿರದ ನಾನೂರು ಕಿಲೋಮೀಟರ್ ಚಿಲ್ಲರೆ.

"ಅಷ್ಟು ನಡೆದೂ ಎಲ್ಲಿಗೂ ಹೋಗಿ ಮುಟ್ಟಲಿಲ್ವಲ್ಲ ನಾನು," ಎಂದು ಅತ್ತೆ ನಕ್ಕರು. ನಗುತ್ತಲೇ ಮಂಡಿ ಹಿಡಿದುಕೊಂಡರು. ಆಮೇಲೆ ಮಕ್ಕಳಿದ್ದಾರೆಂಬುದನ್ನು ಲೆಕ್ಕಿಸದೆ ಸೊಸೆಯನ್ನು ಕೇಳಿದರು. "ಆಸೆ ಇತ್ತು ಅಂದ್ಯಲ್ಲ. ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ನೀವು ನನ್ನ ಒಳಗೆ ಬಿಟ್ಟಿದ್ರೆ ತಾನೇ ಅತ್ತೆ."

"ನಾನೆಲ್ಲಿ ಬೇಡ ಅಂದೆ? ಸ್ಕೂಲಿಗೆ ಹೊತ್ತಾಗುತ್ತೆ ಅಂದೆ. ಕಲಿತ ಹುಡುಗಿ, ಒಲೆ ಮುಂದೆ ಬೇಯಬಾರದು ಅಂತ. ಬೀದಿಯೆಲ್ಲ ಹೇಳ್ಕೊಂಡು ಓಡಾಡಿದ್ದೀನಿ, ನನ್ನ ಸೊಸೆ ಕೈಗೆ ಮಸಿ ತಾಗಿಸಿಲ್ಲ ಅಂತ. ನೀನೇ ಬಾಗಿಲಿಗೆ ಬರೋದು ಬಿಟ್ಟೆ. ಮೂರನೇ ದಿನ ಬರ್ತೀಯೇನೋ ಅಂತ ತಿರುಗಿ ನೋಡಿದ್ದೆ."

ಹತ್ತೊಂಬತ್ತು ವರ್ಷ ಟೀಚರ್ ಆ ಮನೆಯಲ್ಲಿ ಅತಿಥಿ ಎಂದುಕೊಂಡೇ ಉಂಡಿದ್ದರು. ಈಗ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಸೆರಗಿನ ತುದಿ ತಿರುಚಿದರು.

ಅತ್ತೆ ಮೂಲೆಯ ಸ್ಟೂಲನ್ನು ಎಳೆದರು. ಅದರ ಮೇಲೆ ಯಾವಾಗಲೂ ಡಬ್ಬಿಗಳಿರುತ್ತಿದ್ದವು, ಅವನ್ನು ಕೆಳಗಿಳಿಸಿ ಕುಳಿತರು. ಅವರು ಆ ಕೋಣೆಯಲ್ಲಿ ಕುಳಿತಿದ್ದನ್ನು ಟೀಚರ್ ಯಾವತ್ತೂ ನೋಡಿರಲಿಲ್ಲ.

"ಮಕ್ಕಳಿಗೆ ಹಾಲು ಕಾಯಿಸು," ಎಂದರು.

ಟೀಚರ್ ಒಲೆಯ ಮುಂದೆ ನಿಂತರು. ಮೂರನೇ ಕಡ್ಡಿಗೆ ಒಲೆ ಹತ್ತಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಹಾಲಿಟ್ಟು, ಸಕ್ಕರೆಗೆ ಕಪಾಟಿನ ಕಡೆ ಹೊರಟರು. ನಡುಮನೆ ತುಂಬ ಮಕ್ಕಳು, ಯಾವ ಡಬ್ಬಿಯಲ್ಲಿ ಸಕ್ಕರೆ ಎಂದೂ ಗೊತ್ತಿಲ್ಲ. ಮೊದಲ ಡಬ್ಬಿ ಉಪ್ಪು, ಎರಡನೆಯದು ರವೆ. ನಾಲ್ಕನೆಯದರಲ್ಲಿ ಸಕ್ಕರೆ ಸಿಕ್ಕುವಷ್ಟರಲ್ಲಿ ಒಲೆ ಕಡೆಯಿಂದ ಚುರ್ ಎಂದು ಸದ್ದಾಯಿತು.

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿತ್ತು. ಅತ್ತೆ ಕೈಚಾಚಿದರೆ ಮುಟ್ಟುವಷ್ಟು ದೂರದಲ್ಲಿದ್ದರು. ಅರ್ಧ ಎದ್ದೂ ಇದ್ದರು. ಓಡಿಬಂದ ಸೊಸೆಯನ್ನು ಹೊಸ್ತಿಲಲ್ಲಿ ಕಂಡು ಹಾಗೇ ಮೆಲ್ಲಗೆ ಮತ್ತೆ ಕುಳಿತು, ಎರಡೂ ಕೈಯಿಂದ ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು.

"ಆರಿಸು," ಎಂದರು. "ಒರೆಸಿ ಇನ್ನೊಂದು ಪಾತ್ರೆ ಇಡು. ಹಾಲು ಇನ್ನೂ ಇದೆ."