ಟೀಚರ್ ಓದುತ್ತಿದ್ದ ಕಿಟಕಿ

ನಗು ಬಂದರೆ ನಮ್ಮ ಟೀಚರರ ಕೆನ್ನೆ ಉಬ್ಬಿ ಕನ್ನಡಕ ಹುಬ್ಬಿನವರೆಗೆ ಏರುತ್ತಿತ್ತು. ಅದನ್ನು ಇಳಿಸಿಕೊಂಡ ಮೇಲೇ ಅವರು ಮಾತು ಮುಂದುವರಿಸುತ್ತಿದ್ದುದು. ಕೋತಗಿರಿ ಹತ್ತಿರದ ನಮ್ಮ ಬಡಗರ ಹಟ್ಟಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಎಲ್ಲರಿಗೂ ಅವರು ಟೀಚರ್ರೇ.

ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದಾಗ ಒಂದು ಸಂಜೆ ನನ್ನನ್ನು ಕರೆದು, ಬಾಗಿಲು ಹಾಕಿ, ತಮಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ ಎಂದರು. ಎದುರಿಗೆ ಕೂತವರ ತುಟಿ ನೋಡಿ ಹೇಗೋ ತಿಳಿಯುತ್ತದಂತೆ. ಆದರೆ ಹಟ್ಟಿಯ ಸಭೆ ಈಗ ತಿಂಗಳಿಗೊಮ್ಮೆ ಕಂಪ್ಯೂಟರಿನಲ್ಲಿ. ಕೊಯಮತ್ತೂರಿನಲ್ಲಿ ಇರುವವರೂ, ಮಂಜೂರು ಎಂಬ ಊರಿನಲ್ಲಿರುವ ಮಾವನಂಥವರೂ ಸೇರುತ್ತಾರೆ. ಅಲ್ಲಿ ಯಾರ ತುಟಿ ಕಾಣುತ್ತದೆ? ಆ ಸಭೆಯಲ್ಲೇ, ಸಮುದಾಯ ಭವನದ ಒಂದು ಕೋಣೆಯನ್ನು ಹುಡುಗಿಯರ ಓದಿಗೆ ಬಿಟ್ಟುಕೊಡಬೇಕೆಂದು ಅವರು ಹಟ ಹಿಡಿದಿದ್ದರು.

"ಕಿವಿ ಹೋಯ್ತು ಅಂತ ಗೊತ್ತಾದ್ರೆ ನನಗೆ ಒಳ್ಳೆ ಕುರ್ಚಿ ಕೊಡ್ತಾರೆ ಮಗಳೇ. ಅಭಿಪ್ರಾಯ ಮಾತ್ರ ಕೇಳಲ್ಲ" ಎಂದರು. ನಮ್ಮ ಬಡಗ ಮಾತಿನಲ್ಲಿ ಅವರು ಹೇಳಿದ್ದನ್ನು ಇಲ್ಲಿ ಕನ್ನಡ ಮಾಡಿದ್ದೇನೆ.

ನಾನು ಪಾಠದ ಟಿಪ್ಪಣಿಗೆ ಬಳಸುತ್ತಿದ್ದ ಎಡಿಟರ್ ಪ್ರೋಗ್ರಾಂನಲ್ಲಿ ಒಂದು ಅನುಕೂಲವಿತ್ತು. ಬರೆಯುವ ಪುಟವನ್ನು ಮೌಸಿನಿಂದ ಎಳೆದರೆ ಅದು ಬಿಡಿಸಿಕೊಂಡು ಬೇರೆಯೇ ಕಿಟಕಿಯಾಗುತ್ತದೆ. ಬೇರೆ ಯಾವ ಪ್ರೋಗ್ರಾಂ ತೆರೆದಿದ್ದರೂ ಅದರ ಮೇಲೇ ನಿಲ್ಲುವಂತೆ ಮಾಡಬಹುದು. ಟೀಚರರ ಕಂಪ್ಯೂಟರಿನಲ್ಲಿ ಆ ಕಿಟಕಿಯನ್ನು ಉದ್ದ ಪಟ್ಟಿಯಂತೆ ಸಣ್ಣದು ಮಾಡಿ, ಕ್ಯಾಮೆರಾದ ಕೆಳಗೇ ಇಟ್ಟು, ಅಕ್ಷರ ದಪ್ಪ ಮಾಡಿದೆ. ಕ್ಯಾಮೆರಾಕ್ಕೆ ಕಾಣದಂತೆ ಮಣೆಯ ಮೇಲೆ ಕೂತು, ಬೇರೆ ಕೀಬೋರ್ಡಿನಲ್ಲಿ, ಸಭೆಯವರು ಆಡಿದ ಮಾತನ್ನೆಲ್ಲ, ಬಡಗಕ್ಕೆ ಸ್ವಂತ ಲಿಪಿ ಇಲ್ಲದ್ದರಿಂದ, ತಮಿಳು ಅಕ್ಷರದಲ್ಲಿ ಬಡಿಯುತ್ತಿದ್ದೆ. ಅವರು ಓದಿ, ಕ್ಷಣ ತಡೆದು ಉತ್ತರ ಕೊಡುತ್ತಿದ್ದರು. ಆ ತಡೆಯಿಂದ ಅವರ ಗೌರವ ಇನ್ನೂ ಹೆಚ್ಚಿತು. ಟೀಚರ್ ಈಗೀಗ ತುಂಬ ಯೋಚಿಸಿ ಮಾತಾಡ್ತಾರೆ ಎಂದು ಚಹಾ ಎಲೆ ಕೊಯ್ಯುವ ಹೆಂಗಸರೂ ಹೇಳತೊಡಗಿದರು.

ನನಗೆ ಅವರದು ಒಂದೇ ನಿಯಮ: ಏನನ್ನೂ ತಿದ್ದಬಾರದು. ಕೊಂಕಿದ್ದರೆ ಕೊಂಕು, ಕೆಮ್ಮಿದರೆ ಕೆಮ್ಮು.

ಕೋಣೆಯ ವಿಷಯ ತೀರ್ಮಾನವಾಗುವ ದಿನ ಅವರು ತಾವೇ ಬಿಡಿಸಿದ ಕೋಣೆಯ ನಕ್ಷೆಯನ್ನು ಎಲ್ಲರಿಗೂ ತೋರಿಸಲು ಹೋದರು. ನಕ್ಷೆಯನ್ನಷ್ಟೇ ತೋರಿಸುವ ಬದಲು ಇಡೀ ಪರದೆಯನ್ನು ತೋರಿಸುವ ಗುಂಡಿ ಒತ್ತಿಬಿಟ್ಟರು. ಎಲ್ಲದರ ಮೇಲೆ ನಿಲ್ಲುವ ನಮ್ಮ ಕಿಟಕಿ ಎಲ್ಲರ ಮನೆಯಲ್ಲೂ ತೆರೆದುಕೊಂಡಿತು: "ಮಂಜೂರು ಮಾವ: ಕೆಮ್ಮು. ಹೋದ ತಿಂಗಳು ಹೇಳಿದ್ದೇ. ಮತ್ತೆ ಕೆಮ್ಮು."

ಮುಖಗಳೆಲ್ಲ ಪರದೆಯ ಹತ್ತಿರ ಬಂದವು. ಯಾರೋ ಕೇಳಿದರು, "ಟೀಚರ್, ನಿಮಗೆ ಕೇಳಿಸಲ್ವಾ?" ಕೈ ರೂಢಿಯಲ್ಲಿ ನಾನು ಅದನ್ನೂ ಬಡಿದೆ. ಆ ಪ್ರಶ್ನೆ ಅಕ್ಷರವಾಗಿ ಮೂಡುವುದನ್ನು ಎಲ್ಲರೂ ನೋಡಿದರು. ಟೀಚರ್ ಕೂಡ ಅದನ್ನು ಓದಿದರು.

"ಇಲ್ಲ" ಎಂದರು. "ಬಹಳ ದಿನ ಆಯ್ತು. ಇಷ್ಟು ದಿನ ನಾನು ಕೊಟ್ಟ ಉತ್ತರದಲ್ಲಿ ಯಾವುದು ತಪ್ಪಾಗಿತ್ತು, ಹೇಳಿ."

ಮಂಜೂರು ಮಾವನೇ ಗಂಟಲು ಸರಿಮಾಡಿಕೊಂಡ. "ಆ ಅಕ್ಷರ ಇನ್ನೂ ಸ್ವಲ್ಪ ದಪ್ಪ ಮಾಡಿಸಿ ಟೀಚರ್. ನನಗೂ ಅರ್ಧ ಕೇಳಿಸಲ್ಲ. ಆದರೆ ನಾನು ಅಷ್ಟೊಂದು ಕೆಮ್ಮಲ್ಲ."

ಆ ದಿನ ಕೋಣೆಗೆ ಒಪ್ಪಿಗೆ ಸಿಕ್ಕಿದ್ದು ಅರ್ಧ ಟೀಚರರ ವಾದಕ್ಕೆ, ಅರ್ಧ ಮಾವನ ಆ ಮಾತಿಗೆ ಎದ್ದ ನಗೆಗೆ. ಅಂದಿನಿಂದ ಕಿಟಕಿಯನ್ನು ಎಲ್ಲರಿಗೂ ಕಾಣುವಂತೆಯೇ ಇಡುತ್ತಿದ್ದೇವೆ. ಕೊಂಕು ಆಡುವವರು ಬಹಳ ಕಡಿಮೆಯಾಗಿದ್ದಾರೆ.

ಆ ದಿನ ಸಭೆ ಮುಗಿದ ಮೇಲೆ ಟೀಚರ್ ನಾನು ಬರೆದದ್ದನ್ನೆಲ್ಲ ಮೇಲಿಂದ ಕೆಳಗೆ ಒಮ್ಮೆ ಓದಿದರು. "ಎಲ್ಲರೂ ಇದ್ದಾರೆ. ನಿನ್ನ ಸಾಲು ಎಲ್ಲಿ?" ಎಂದು ಕೇಳಿದರು. ನಾನು ಬರೆಯುವವಳು ಮಾತ್ರ ಎಂದೆ. ಅದು ಅವರಿಗೆ ಕೇಳಿಸಲಿಲ್ಲವೋ, ಬೇಕಾಗಿರಲಿಲ್ಲವೋ, ಮಣೆಯನ್ನು ಕಾಲಿನಿಂದ ತಳ್ಳಿ ತಮ್ಮ ಪಕ್ಕದಲ್ಲಿ ನನಗೊಂದು ಕುರ್ಚಿ ಹಾಕಿದರು.

ಮುಂದಿನ ತಿಂಗಳು ಆ ಕೋಣೆಯ ಬೀಗದ ಕೈ ಯಾರ ಬಳಿ ಇರಬೇಕೆಂಬ ಚರ್ಚೆ ಬಂತು. ಸಭೆಯವರು ಸೂಚಿಸಿದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಬರೆದೆ. ಆಮೇಲೆ ನನ್ನ ಹೆಸರು ಬಡಿದು, ಪಕ್ಕದಲ್ಲಿ, ಓದುವ ಹುಡುಗಿಯರ ಬಳಿಯೇ ಬೀಗದ ಕೈ ಇರಲಿ, ಎಂದು ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಹೇಳಿದೆ. ನನ್ನ ದನಿ ಟೀಚರಿಗೆ ಕೇಳಿಸುವಂತಿರಲಿಲ್ಲ. ಅವರು ಕಿಟಕಿಯನ್ನು ಬಿಟ್ಟು ನನ್ನ ತುಟಿಯನ್ನೇ ನೋಡುತ್ತಿದ್ದರು.