ಗಣ್ಯರ ತಲೆ ಮೇಲಿನ ಟಾರ್ಪಲ್

“ತಲೆ ಮೇಲೆ ಸೂರಿಲ್ಲದವರ ಸಂಕಟವನ್ನು ನಮ್ಮದೇ ಸಂಕಟ ಅಂದ್ಕೋಬೇಕು” ಅಂದರು ಮುಖ್ಯ ಅತಿಥಿಗಳು. ಜೋರು ಚಪ್ಪಾಳೆ ಬಿತ್ತು. ಆಚೆ ತುಂತುರು ಮಳೆ. ವೇದಿಕೆಯ ಮೇಲೆ ಹೊಚ್ಚ ಹೊಸ ನೀಲಿ ಟಾರ್ಪಲ್ ಬಿಗಿದಿದ್ದರಿಂದ ಅವರ ಇಸ್ತ್ರಿ ಅಂಗಿಯ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ.

ಆ ಟಾರ್ಪಲ್ ಯಾರದು ಗೊತ್ತೇ? ಅವರು ಹೇಳುತ್ತಿದ್ದರಲ್ಲ, ಆ ಸೂರಿಲ್ಲದವರದ್ದು!

ನಗು ಬಂದರೆ ನಕ್ಕುಬಿಡಿ. ನಮ್ಮಕ್ಕನೂ ಮೊದಲು ನಕ್ಕಳು. ಆಮೇಲೆ ಕಾಫಿ ಲೋಟ ಕುಕ್ಕಿ ಒಂದಿಷ್ಟು ಜನರನ್ನು ಬೈದಳು. ಆ ಬೈಗುಳವನ್ನು ಪತ್ರಿಕೆಯಲ್ಲಿ ಹಾಕುವ ಹಾಗಿಲ್ಲವಾದ್ದರಿಂದ ನಡೆದದ್ದನ್ನಷ್ಟೇ ಹೇಳುತ್ತೇನೆ.

ಅಕ್ಕನ ಮನೆ ಇರುವುದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ನಾನು ಶಿವಮೊಗ್ಗದ ಹೊಸಮನೆಯಿಂದ ಬಸ್ಸು ಹತ್ತಿ ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುತ್ತೇನೆ. ಅವಳ ಬೀದಿಯ ತಿರುವಿನಲ್ಲಿ ಮಾಯಾ ಅನ್ನುವ ನೇಪಾಳದ ಹೆಂಗಸು ಗಂಡನ ಜೊತೆ ಮೊಮೊ ಗಾಡಿ ಇಟ್ಟಿದ್ದಾಳೆ. ಬಂದು ಎಷ್ಟೋ ವರ್ಷವಾಯಿತು. ಗಿರಾಕಿಗಳ ಹತ್ತಿರ ಕನ್ನಡ, ಪಕ್ಕದ ಇಡ್ಲಿ ಗಾಡಿಯವಳ ಹತ್ತಿರ ತಮಿಳು, ಗಂಡನನ್ನು ಬೈಯುವಾಗ ಮಾತ್ರ ಅಪ್ಪಟ ನೇಪಾಳಿ.

ಅವಳ ಊರಿನ ಕಡೆ ದೊಡ್ಡ ಭೂಕಂಪವಾಯಿತಲ್ಲ, ಆ ವಾರ ಗಾಡಿ ಬಾಗಿಲು ಹಾಕಿತ್ತು. ಮನೆಗೆ ಹೋಗಿ ನೋಡಿದರೆ ಫೋನ್ ಹಿಡಿದುಕೊಂಡು ಗೋಡೆಗೊರಗಿ ಕೂತಿದ್ದಳು. ತವರು ಮನೆ ನೆಲಕ್ಕೆ ಕೂತಿದೆ. ಅಮ್ಮ ಇದ್ದಾಳೆ, ತಂಗಿ ಇದ್ದಾಳೆ, ತಂಗಿಯ ಪುಟ್ಟ ಮಕ್ಕಳಿದ್ದಾರೆ. ಎಲ್ಲರೂ ಜೋಳದ ಹೊಲದಲ್ಲಿ ಮಲಗುತ್ತಿದ್ದಾರೆ. ನೆಲ ಇನ್ನೂ ಆಗಾಗ ಅಲುಗುತ್ತಿದೆಯಂತೆ, ಹಾಗಾಗಿ ಗೋಡೆ ನಿಂತಿರುವ ಮನೆಯೊಳಗೂ ಯಾರೂ ಹೋಗುತ್ತಿಲ್ಲ. ರಾತ್ರಿ ವಿಪರೀತ ಚಳಿ, ಜೊತೆಗೆ ಮಳೆ. ಚಿಕ್ಕ ಮಗುವಿಗೆ ಆಗಲೇ ಎದೆ ಕಟ್ಟಿದೆ. ಏನು ಬೇಕು ಹೇಳು ಅಂದೆ.

“ಟಾರ್ಪಲ್ ಅಕ್ಕ. ದಪ್ಪಂದು. ಬಟ್ಟೆ ಬೇಡ, ಬಟ್ಟೆನ ಮಣ್ಣಿನ ಕೆಳಗಿಂದ ಎಳ್ಕೋತಾರೆ. ಮೇಲೆ ಮುಚ್ಚೋಕೆ ಬೇಕು.”

ಟಾರ್ಪಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಬರವೇ? ಅಡಿಕೆ ಒಣಗಿಸುವವರ ಮನೆಯಲ್ಲಿದೆ, ಮನೆ ಕಟ್ಟಿಸುವವರ ಸಿಮೆಂಟ್ ಮೂಟೆಯ ಮೇಲಿದೆ, ನಮ್ಮ ಬೀದಿಯಲ್ಲಿ ಓಡದ ಒಂದು ಕಾರಿನ ಮೇಲೂ ಇದೆ. ನಮ್ಮ ಬಡಾವಣೆ ಸಂಘದ ಅಧ್ಯಕ್ಷರಾದ ಚಂದ್ರಣ್ಣನವರಿಗೆ ಹೇಳಿದೆ. ಚಂದ್ರಣ್ಣ ಕೆಟ್ಟವರಲ್ಲ (ಈ ವಾಕ್ಯವನ್ನು ಹಲ್ಲು ಕಚ್ಚಿಕೊಂಡು ಬರೆದಿದ್ದೇನೆ). ಬೆಂಗಳೂರಿನಲ್ಲಿ ಎಲ್ಲ ಊರಿನ ಸಾಮಾನು ಒಟ್ಟು ಮಾಡಿ ರೈಲಿನಲ್ಲಿ ಮುಂದಕ್ಕೆ ಕಳಿಸುವ ಏರ್ಪಾಡು ಇದೆ ಅಂತ ಪತ್ತೆ ಮಾಡಿದವರೇ ಅವರು. ಲಾರಿಯನ್ನೂ ಗೊತ್ತು ಮಾಡಿದರು. ಆದರೆ ನಾನು ‘ಟಾರ್ಪಲ್ ಮತ್ತು ಕಂಬಳಿ ಮಾತ್ರ’ ಅಂತ ಬರೆದುಕೊಟ್ಟದ್ದು ವಾಟ್ಸಾಪ್ ಗ್ರೂಪಿಗೆ ಹೋಗುವಷ್ಟರಲ್ಲಿ ಒಂದು ದೀಪ, ಕೈಮುಗಿದ ಎರಡು ಕೈ ಸೇರಿಕೊಂಡು ‘ಯಥಾಶಕ್ತಿ ನೆರವಾಗಿ’ ಆಗಿತ್ತು.

ಸರಿ, ಯಥಾಶಕ್ತಿ ಬಂತು. ಜಿಪ್ ಕಿತ್ತ ಪ್ಯಾಂಟು, ಬಣ್ಣ ಬಿಟ್ಟ ನೈಟಿ, ಎತ್ತರದ ಹಿಮ್ಮಡಿಯ ಒಂಟಿ ಚಪ್ಪಲಿ. (ಇನ್ನೊಂದು ಎಲ್ಲಿ? ಅದನ್ನು ಬೇರೆ ಯಾವುದಾದರೂ ದುರಂತಕ್ಕೆ ಇಟ್ಟುಕೊಂಡಿದ್ದಾರೆಯೇ?) ಎಲ್ಲಕ್ಕಿಂತ ಹೆಚ್ಚು ಬಂದದ್ದು ಬ್ಲೌಸ್ ಪೀಸ್. ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಹೋದರೆ ತಾಂಬೂಲದ ಜೊತೆ ಕೊಡುತ್ತಾರಲ್ಲ, ಅದು. ಹೊಲಿಸಲು ಯಾರಿಗೂ ಬೇಡ, ಎಸೆಯಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತದೆ. ಒಂದು ಗಿಳಿಹಸಿರು ಪೀಸಂತೂ ಹೋದ ನವರಾತ್ರಿಯಲ್ಲಿ ನಮ್ಮನೆಗೂ ಬಂದು ಹೋಗಿತ್ತು, ನೋಡಿದ ಕೂಡಲೇ ಗುರುತು ಹಿಡಿದೆ. ಈಗ ಅದು ಹಿಮಾಲಯಕ್ಕೆ ಹೊರಟಿತ್ತು.

ಮನೆ ಬಿದ್ದವರಿಗೆ ಕಸ ಕೊಟ್ಟರೂ ಕಣ್ಣಿಗೊತ್ತಿಕೊಳ್ಳುತ್ತಾರೆ ಅಂತ ನಮಗೆ ಯಾರು ಹೇಳಿದ್ದು? ಬೀರು ಖಾಲಿ ಮಾಡುವುದಕ್ಕೂ ಕೊಡುವುದಕ್ಕೂ ಏನೂ ವ್ಯತ್ಯಾಸ ಬೇಡವೇ?

ಸಿಟ್ಟಿನಲ್ಲೇ ಗಾಂಧಿ ಬಜಾರಿಗೆ ಹೋದೆ. ಪ್ಲಾಸ್ಟಿಕ್ಕು, ಹಗ್ಗ, ಟಾರ್ಪಲ್ ಮಾರುವ ಹಳೇ ಅಂಗಡಿಯವರೊಬ್ಬರ ಹತ್ತಿರ ಇದೆಲ್ಲ ಹೇಳಿಕೊಂಡೆ. ಪೂರ್ತಿ ಕೇಳಿಸಿಕೊಂಡು ಅಟ್ಟದಿಂದ ಒಂದು ಕಟ್ಟು ಇಳಿಸಿದರು. ದಪ್ಪನೆಯ ನೀಲಿ ಟಾರ್ಪಲ್‌ಗಳು, ಅಂಚಿಗೆ ಹಿತ್ತಾಳೆಯ ರಿಂಗು. ತಗೊಂಡು ಹೋಗಿ ಅಂದರು. ನನ್ನ ಹೆಸರು ಮಾತ್ರ ಎಲ್ಲೂ ಹೇಳಬೇಡಿ, ಆಮೇಲೆ ಚಂದಾದವರು ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ ಅಂತಲೂ ಸೇರಿಸಿದರು. ಕಟ್ಟನ್ನು ಆಟೋದಲ್ಲಿ ತಂದು ಸಂಘದ ಕೋಣೆಯಲ್ಲಿ ಇಟ್ಟಾಗ ನನಗೆ ಸಮಾಧಾನವಾಗಿತ್ತು. ಮಾಯಾಗೆ ಫೋನ್ ಮಾಡಿ ಹೇಳಿದೆ, ಅವಳು ಊರಿಗೆ ಫೋನ್ ಮಾಡಿ ಹೇಳಿದಳು.

ಅಷ್ಟಕ್ಕೇ ಲಾರಿ ಹೊರಟಿದ್ದರೆ ಈ ಅಂಕಣ ಇರುತ್ತಿರಲಿಲ್ಲ. ಆದರೆ ಕಾರ್ಯಕ್ರಮ ಮಾಡದೆ ಲಾರಿ ಕಳಿಸುವುದುಂಟೇ? ಬಡಾವಣೆಯ ಪಾರ್ಕಿನಲ್ಲಿ ವೇದಿಕೆ, ಬ್ಯಾನರ್, ಮೈಕ್ ಎಲ್ಲ ಆಯಿತು. ಬೆಳಿಗ್ಗೆ ನೋಡಿದರೆ ಮಳೆ ಹನಿಯುತ್ತಿದೆ, ಶಾಮಿಯಾನ ಸೋರುತ್ತಿದೆ. ಕಾರ್ಯಕರ್ತರಿಗೆ ಕೋಣೆಯಲ್ಲಿದ್ದ ಹೊಸ ಟಾರ್ಪಲ್ ನೆನಪಾಯಿತು. ಕಟ್ಟು ಬಿಚ್ಚಿ ಅಷ್ಟನ್ನೂ ಗಣ್ಯರ ತಲೆ ಮೇಲೆ ಎಳೆದು ಕಟ್ಟಿದರು.

ನಾನು ಹೋಗುವಷ್ಟರಲ್ಲಿ ಕಟ್ಟಿ ಮುಗಿಸಿದ್ದರು. ಚಂದ್ರಣ್ಣನವರನ್ನು ಹಿಡಿದು ಕೇಳಿದೆ. ಒಂದು ಗಂಟೆ ಪ್ರೋಗ್ರಾಂ ತಾನೇ, ಮುಗಿದ ಕೂಡಲೇ ಬಿಚ್ಚಿ ಲಾರಿಗೆ ಹಾಕಿಸುತ್ತೇನೆ ಅಂದರು. ನಮ್ಮೂರಿನಲ್ಲಿ ಯಾವ ಪ್ರೋಗ್ರಾಂ ಒಂದು ಗಂಟೆಗೆ ಮುಗಿದಿದೆ? ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ. ಮುಖ್ಯ ಅತಿಥಿಗಳು ತಡವಾಗಿ ಬಂದರೆಂದು ಸ್ವಾಗತ ಇನ್ನೊಂದು ಸಲ. ಒಬ್ಬೊಬ್ಬರಿಗೂ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ. ಸಂತ್ರಸ್ತರ ಪ್ರತಿನಿಧಿ ಅಂತ ಭದ್ರಾವತಿಯಿಂದ ಮಾಯಾಳನ್ನೂ ಕರೆಸಿದ್ದರು. ಅವಳಿಗೂ ಸನ್ಮಾನ ಆಯಿತು. ಯಾವ ಸಾಧನೆಗೆ ಅಂತ ನಾನು ಕೇಳುತ್ತೇನೆ. ಅವಳ ಅಮ್ಮನ ಮನೆ ಬಿದ್ದಿದ್ದಕ್ಕೆ ಪೇಟ ತೊಡಿಸಿದರೇ?

ಲಾರಿ ಡ್ರೈವರ್ ಗೇಟಿನ ಹತ್ತಿರ ಹಾರ್ನ್ ಹೊಡೆಯತೊಡಗಿದ. ಸಂಜೆಯೊಳಗೆ ಬೆಂಗಳೂರು ಮುಟ್ಟದಿದ್ದರೆ ಸಾಮಾನು ತಗೊಳ್ಳುವವರು ಇರುವುದಿಲ್ಲ. ನಾನು ಮತ್ತೆ ಚಂದ್ರಣ್ಣನ ಹತ್ತಿರ ಓಡಿದೆ. ಈಗಲೇ ಬಿಚ್ಚಿಸಿ ಅಂದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು.

“ಈಗ ಬಿಚ್ಚಿದ್ರೆ ಗಣ್ಯರು ನೆನೀತಾರಲ್ಲ ಮೇಡಂ.”

ನೆನೆಯುವುದು ಅಂದರೆ ಏನು ಅಂತ ಈ ಮನುಷ್ಯನಿಗೆ ಹೇಗೆ ಹೇಳಲಿ ಅಂತ ಯೋಚಿಸುವಷ್ಟರಲ್ಲಿ ಮುಖ್ಯ ಅತಿಥಿಗಳು ಹಸಿರು ಬಾವುಟ ಬೀಸಿಬಿಟ್ಟರು. ಡ್ರೈವರಿಗೂ ಅಷ್ಟೇ ಬೇಕಿತ್ತು. ಲಾರಿ ಹೊರಟಿತು. ಕ್ಯಾಮೆರಾ ಮಿಂಚಿತು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಮಧ್ಯೆ ತಲೆಯ ಮೇಲೆ ಪೇಟ ಇಟ್ಟುಕೊಂಡೇ ಮಾಯಾ ನನ್ನ ಕೈ ಹಿಡಿದಳು.

“ಅಕ್ಕ, ನಮ್ಮ ಟಾರ್ಪಲ್ ಇಲ್ಲೇ ಇದ್ಯಲ್ಲ?”

ಜೋಳದ ಹೊಲದಲ್ಲಿ ಕೂತವರಿಗೆ ಬ್ಲೌಸ್ ಪೀಸ್ ಹೋಯಿತು. ಟಾರ್ಪಲ್ ಹೊಸಮನೆಯ ಪಾರ್ಕಿನಲ್ಲಿ ಉಳಿಯಿತು. ಲಾರಿಗೆ ಫೋನ್ ಮಾಡಿದರೆ ಡ್ರೈವರ್ ಎತ್ತಲಿಲ್ಲ. ಗಣ್ಯರು ಉಪ್ಪಿಟ್ಟು, ಕೇಸರಿಬಾತ್ ಕಡೆ ನಡೆದರು. ಯಾರಾದರೂ ಬಿಚ್ಚಿಕೊಡುತ್ತಾರೇನೋ ಅಂತ ಸ್ವಲ್ಪ ಹೊತ್ತು ಕಾದೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು ನಾನೇ ಕುರ್ಚಿ ಹತ್ತಿದೆ. ಮಾಯಾ ಪೇಟ ತೆಗೆದು ಗಣ್ಯರ ಕುರ್ಚಿಯೊಂದರ ಮೇಲಿಟ್ಟು ಇನ್ನೊಂದು ಕಡೆ ಹತ್ತಿದಳು. ಗಂಟು ಸಡಿಲವಾದಾಗ ಮೇಲೆ ನಿಂತಿದ್ದ ನೀರೆಲ್ಲ ನಮ್ಮಿಬ್ಬರ ಮೇಲೆ ಸುರಿಯಿತು. ಒಂದೆರಡು ಟಾರ್ಪಲ್ಲಿಗೆ ಕಂಬ ತೂರಿಸಲು ಮಧ್ಯದಲ್ಲೇ ತೂತು ಮಾಡಿದ್ದರು. ಅದನ್ನು ನೋಡಿ ಅವಳು ಅತ್ತಳು. ಪಕ್ಕದಲ್ಲಿ ನಿಂತು ನಾನೂ ಅತ್ತೆ, ನನ್ನದು ಹೆಚ್ಚಿನಂಶ ಸಿಟ್ಟು.

ಒದ್ದೆ ಕಟ್ಟನ್ನು ಬಸ್ಸಿನಲ್ಲಿ ಹಾಕಿಕೊಂಡು ಓಲ್ಡ್ ಟೌನಿಗೆ ಹೋದೆವು. ಪಂಕ್ಚರ್ ಅಂಗಡಿಯವನು ತೂತುಗಳಿಗೆ ಟ್ಯೂಬಿನ ಪ್ಯಾಚ್ ಹಾಕಿದ. ಇಲ್ಲಿನ ಹೋಟೆಲುಗಳಲ್ಲಿ ಕೆಲಸ ಮಾಡುವ ಅವಳ ಊರಿನವರು ಕೆಲವರು ಮನೆಯವರನ್ನು ನೋಡಲು ರೈಲಿಗೆ ಹೊರಟಿದ್ದರು. ಆಳಿಗೊಂದು ಮಡಚಿ ಬ್ಯಾಗಿಗೆ ತುರುಕಿಕೊಂಡರು. ಬಾವುಟ ಬೀಸಲು ಯಾರೂ ಇರಲಿಲ್ಲ. ಅಕ್ಕ ಚಪಾತಿ ಕಟ್ಟಿಕೊಟ್ಟಳು.

ಮೊನ್ನೆ ಮಾಯಾ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಜೋಳದ ಹೊಲ, ಬಿದಿರಿನ ಗಳದ ಮೇಲೆ ನಮ್ಮ ನೀಲಿ ಟಾರ್ಪಲ್. ಕೆಳಗೆ ಅವಳ ಅಮ್ಮ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಾರೆ. ನೆತ್ತಿಯ ಮೇಲೆ ಓಲ್ಡ್ ಟೌನಿನ ಕಪ್ಪು ಪ್ಯಾಚ್ ಸ್ಪಷ್ಟವಾಗಿ ಕಾಣುತ್ತದೆ. ಮಗುವಿಗೆ ಈಗ ಪರವಾಗಿಲ್ಲವಂತೆ.

ನಿನ್ನೆ ಚಂದ್ರಣ್ಣನವರ ಫೋನ್ ಬಂತು. ಭಾನುವಾರ ಪಾರ್ಕಿನಲ್ಲಿ ದಾನಿಗಳಿಗೆ ಅಭಿನಂದನಾ ಸಮಾರಂಭವಂತೆ. ಮಳೆ ಬರುವ ಹಾಗಿದೆ, ಆ ಟಾರ್ಪಲ್ ಎಲ್ಲಿಟ್ಟಿದೀರಿ ಮೇಡಂ, ಅವಿಲ್ಲದಿದ್ದರೆ ಎಲ್ಲರೂ ನೆನೆದು ಹೋಗುತ್ತೇವೆ ಅಂದರು.

“ನೆನೀರಿ” ಅಂದೆ.