ಚೀಸ್ ಅಜ್ಜನ ಮನೆಯಲ್ಲಿ ಮೆಣಸಿನಕಾಯಿ ಮೊಸರು

ಗೆಳೆಯರೇ, ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ರಿಪೇರಿಯಾಗುವವರೆಗೆ ಅಧ್ಯಕ್ಷರ ಬಾಗಿಲಲ್ಲೇ ಕೂತಿದ್ದ ನನ್ನ ಅತ್ತೆಯನ್ನು ನೀವು ಬಲ್ಲಿರಿ. ಇಂದು ಆ ಹಟವನ್ನು ಸ್ವಿಟ್ಜರ್ಲೆಂಡ್ ನೋಡಿತು.

ನಾವು ಉಳಿದುಕೊಂಡಿರುವುದು ಹಳ್ಳಿಯೊಂದರಲ್ಲಿ, ಚೀಸ್ ಮಾಡುವ ಅಜ್ಜನ ಮನೆಯ ಮಹಡಿಯಲ್ಲಿ. ಬೆಳಿಗ್ಗೆ ಆತ ತಾಮ್ರದ ಹಂಡೆಯನ್ನೂ ನೆಲಮಾಳಿಗೆಯಲ್ಲಿ ಎರಡು ವರ್ಷದಿಂದ ಮಾಗುತ್ತಿರುವ, ಗಾಲಿಯಷ್ಟು ದೊಡ್ಡ ಚೀಸನ್ನೂ ತೋರಿಸಿ, ತಿನ್ನಲು ತುಂಡು ಕೊಟ್ಟ. ಹಾಲು ಹೇಗೆ ಗಟ್ಟಿಯಾಗುತ್ತದೆ ಎಂದು ಅತ್ತೆ ನನ್ನಿಂದ ಇಂಗ್ಲಿಷಿನಲ್ಲಿ ಕೇಳಿಸಿದರು. ಕೊಯ್ದ ಕರುವಿನ ಹೊಟ್ಟೆಯಿಂದ ತೆಗೆದ ರಸ ಹಾಕುತ್ತೇನೆ ಎಂದ. ಹಾವೇರಿ ಕಡೆಯ ಲಿಂಗವಂತರಾದ ಅತ್ತೆ ತುಂಡನ್ನು ತಟ್ಟೆಗೆ ವಾಪಸ್ ಇಟ್ಟರು.

"ಅದಿಲ್ಲದೆ ಹಾಲು ಗಟ್ಟಿಯಾಗುವುದೇ ಇಲ್ಲ" ಎಂದ ಅಜ್ಜ, ಮುಖ ಊದಿಸಿಕೊಂಡು.

"ಯಾಕಾಗಂಗಿಲ್ಲ? ಒಂದು ಬಟ್ಟಲ ಬೆಚ್ಚಗಿನ ಹಾಲು ಕೊಡಾಕ ಹೇಳವ್ವಾ."

ಅತ್ತೆ ಊರಿಂದ ತಂದಿದ್ದ ಚಟ್ನಿಪುಡಿಯ ಚೀಲದಿಂದ ನಾಲ್ಕು ಒಣಮೆಣಸಿನಕಾಯಿ ತೆಗೆದು, ತೊಟ್ಟು ಸಮೇತ ಹಾಲಿಗೆ ಹಾಕಿ, ಬಟ್ಟಲನ್ನು ಒಲೆಯ ಪಕ್ಕ ಇಟ್ಟರು. ಹಿಮದ ಬೆಟ್ಟ ನೋಡೋಣ ಬನ್ನಿ ಎಂದರೆ ಕದಲಲಿಲ್ಲ. "ಬೆಟ್ಟ ಎಲ್ಲಿಗೂ ಹೋಗಂಗಿಲ್ಲ" ಎಂದು ದಿನವಿಡೀ ಅಲ್ಲೇ ಕೂತರು.

ಸಂಜೆಗೆ ಮೊಸರು ಹೆಪ್ಪುಗಟ್ಟಿತ್ತು. ಬಟ್ಟಲು ವಾಲಿಸಿದರೂ ಅಲುಗಲಿಲ್ಲ. ಅಜ್ಜ ಒಂದು ಚಮಚ ತಿಂದ, ಇನ್ನೊಂದು ತಿಂದ. ಆಮೇಲೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನೆಲಮಾಳಿಗೆಯ ಮೆಟ್ಟಿಲ ಬಳಿ ನಿಂತು ಕೇಳಿದ, "ಇದನ್ನು ಎಷ್ಟು ತಿಂಗಳು ಮಾಗಿಸಬೇಕು?"

ಅತ್ತೆಗೆ ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಈಗ ಅನ್ನಕ್ಕ ಕಲಸ್ಕೊಂಡು ತಿನ್ನಾಕ ಹೇಳವ್ವಾ. ನಾಳಿಗೆ ಹುಳಿ ಆಕ್ಕತಿ."